ಹಾಂ ಅಂದರೆ ಒಂದು ಗುಂಡಿ

ಎದೆಯ ಮೇಲಿದ್ದ ಚಪ್ಪಡಿಕಲ್ಲು ಇಳಿದಿದೆ, ಅದಕ್ಕೇ ಇದನ್ನು ನಗುನಗುತ್ತ ಹೇಳಲು ಕುಳಿತಿದ್ದೇನೆ. ಆರು ತಿಂಗಳ ಹಿಂದೆ ಯಾರಾದರೂ ನನ್ನ ಮುಂದೆ ಹಿಂದಿಯ ಮಾತೆತ್ತಿದ್ದರೆ, ಕೈಯಲ್ಲಿದ್ದ ಕತ್ತರಿ ಹಿಡಿದುಕೊಂಡೇ ಅವರನ್ನು ಬೀದಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದೆ. ಕತ್ತರಿ ಯಾಕೆಂದರೆ, ನಾನು ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಕೂತು ಬಟ್ಟೆ ಸರಿಮಾಡುವವಳು. ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು, ಜಿಪ್ ಬದಲಿಸುವುದು, ಹರಿದ ಲೈನಿಂಗ್ ಕೂಡಿಸುವುದು, ಉದುರಿದ ಗುಂಡಿ ಹಚ್ಚುವುದು. ನಮ್ಮವರು ಹೋದ ಮೇಲೆ ಮಗನ ಹತ್ತಿರ ಈ ದೇಶಕ್ಕೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿನ ಭಾಷೆಯಲ್ಲಿ ಉದ್ದ, ಗಿಡ್ಡ, ಬಿಗಿ, ಸಡಿಲ, ಗುರುವಾರ ಬನ್ನಿ, ಇಷ್ಟರಲ್ಲೇ ನನ್ನ ಜೀವನ ಚೆನ್ನಾಗಿ ಸಾಗಿದೆ.

ಮನೆಯಲ್ಲಿ ನಾವು ನಾಲ್ವರು. ಮಗ ಲಿಫ್ಟ್ ರಿಪೇರಿ ಮಾಡುವವನು. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು, ಹಿಂದಿ ಮಾತಾಡುವ ಮನೆಯ ಹುಡುಗಿ. ಇಬ್ಬರಿಗೂ ಪರಿಚಯವಾದದ್ದು ಇಲ್ಲೇ, ಕೆಟ್ಟುನಿಂತ ಒಂದು ಲಿಫ್ಟಿನ ದೆಸೆಯಿಂದ. ಅವಳು ಒಳಗೆ ಸಿಕ್ಕಿಕೊಂಡಿದ್ದಳಂತೆ, ಇವನು ಹೊರಗೆ ನಿಂತು ಸಮಾಧಾನ ಹೇಳುತ್ತಿದ್ದನಂತೆ. ಆಮೇಲೆ ಇವನೇ ಸಿಕ್ಕಿಕೊಂಡ ಎನ್ನಿ. ಅವರಿಗೆ ಏಳು ವರ್ಷದ ಮಗಳೊಬ್ಬಳು. ಎಲ್ಲರೂ ಚೂಟಿ ಎಂದು ಕರೆಯುತ್ತೇವೆ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಮದುವೆಯ ಮಾತು ಬಂದಾಗ ಮಗ ಕೇಳಿದ್ದ, "ಅಮ್ಮ, ಅವಳಿಗೆ ಕನ್ನಡ ಬರಲ್ಲ. ನಿನಗೆ ಕಷ್ಟ ಆಗಲ್ವಾ?"

"ಏನು ಕಷ್ಟ? ನನಗೆ ಹಿಂದಿ ಬರುತ್ತಪ್ಪ," ಎಂದೆ.

ಬರುತ್ತಿರಲಿಲ್ಲ. ಆದರೆ ಮಗನ ಮುಖದಲ್ಲಿದ್ದ ಆಸೆ ನೋಡಿ ಬಾಯಿಗೆ ಬಂದದ್ದು ಅದು. ಒಮ್ಮೆ ಹೇಳಿದ ಮೇಲೆ ಹಿಂದೆಗೆಯುವ ಹೆಂಗಸಲ್ಲ ನಾನು, ಕಂಡಕಂಡವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದೆ. 'ಹಾಂ ಜೀ' ಎಂದು ಕಲಿತೆ. ಹಾಂ ಎಂದರೆ ಹೌದು, ಜೀ ಎಂದರೆ ಮರ್ಯಾದೆ. ಇವೆರಡಿದ್ದರೆ ಹಿಂದಿಯವರ ಜೊತೆ ಒಂದು ಗಂಟೆ ಮಾತಾಡಬಹುದು, ಅನುಮಾನವಿದ್ದರೆ ಮಾಡಿ ನೋಡಿ. ಎದುರಿನವರ ಮುಖ ಅರಳಿದರೆ ನೀವೂ ಮುಖ ಅರಳಿಸಿ ಹಾಂ ಅನ್ನಿ, ಬಾಡಿದರೆ ಲೊಚಗುಟ್ಟಿ ಹಾಂ ಅನ್ನಿ. ಸೊಸೆಯ ಜೊತೆಗೂ ಹಾಗೇ ನಡೆಯಿತು. ಅವಳು ಒಳ್ಳೆಯವಳು, ಅತ್ತೆಯಾದ ನನ್ನನ್ನು ಮಮ್ಮೀಜಿ ಎಂದು ಕರೆಯುವವಳು. ಹಿಂದಿ ತಿಳಿಯುತ್ತದೆ, ಆಡಲು ಮಾತ್ರ ನಾಲಿಗೆ ತಿರುಗದು ಎಂದು ನೆಪ ಹೇಳಿದೆ; ಕೈಸನ್ನೆ, ಇಲ್ಲಿನ ಭಾಷೆಯ ನಾಲ್ಕು ಚೂರು, ಚೂಟಿಗೆ ಮಾತು ಬಂದ ಮೇಲೆ ನನ್ನ ಕನ್ನಡಕ್ಕೆ ಅವಳ ತರ್ಜುಮೆ, ಇವುಗಳಲ್ಲೇ ದಿನ ದೂಡಿದೆವು.

ಆದರೆ ಫೋನಿನಲ್ಲಿ ಮುಖ ಕಾಣುವುದಿಲ್ಲ ನೋಡಿ. ಎಡವಟ್ಟಾದದ್ದು ಅಲ್ಲೇ.

ಚೂಟಿ ಹುಟ್ಟುವ ಮೂರು ವಾರ ಮೊದಲು ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಊರಿಂದ ಮನೆಯ ಫೋನಿಗೆ ಮಾಡಿದರು. ಮಗ, ಸೊಸೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿದ್ದರು. ಬಾಣಂತನಕ್ಕೆ ಬರಲು ಅವರು ವಿಮಾನದ ಟಿಕೆಟ್ ತೆಗೆಸಿದ್ದು ನನಗೆ ಗೊತ್ತಿತ್ತು. ಬೀಗಿತ್ತಿ ಬಾಯಿ ತೆರೆದರೆ ನಲ್ಲಿ ಕಿತ್ತುಹೋದ ಹಾಗೆ. ನಾನು ಒಲೆಯ ಮೇಲಿನ ಹಾಲಿನ ಮೇಲೆ ಕಣ್ಣಿಟ್ಟುಕೊಂಡು ಹಾಂ ಅಂದೆ, ಹಾಂ ಜೀ ಅಂದೆ, ಹಾಂ ಹಾಂ ಅಂದೆ. ಕೊನೆಗೆ ಅವರು ಸುಮ್ಮನಾದರು. ಅದಕ್ಕೂ ಒಂದು ಹಾಂ ಅಂದೆ. ಫೋನ್ ಇಟ್ಟರು. ಹಾಲೂ ಉಕ್ಕಲಿಲ್ಲ, ಮಾತೂ ಮುಗಿಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೀಗಿತ್ತಿ ಬರಲಿಲ್ಲ. ಅವರಿಗೆ ಮೈ ಹುಷಾರಿಲ್ಲ ಎಂದು ಮಗ ಸೊಸೆ ಅಂದರು, ನಂಬಿದೆ. ಬಾಣಂತನ ನಾನೇ ಮಾಡಿದೆ. ಎರಡು ವರ್ಷದ ಮೇಲೆ ಒಂದು ದಿನ ನನಗೂ ಮಗನಿಗೂ ಸಣ್ಣ ವಿಷಯಕ್ಕೆ, ಒದ್ದೆ ಟವಲನ್ನು ಕುರ್ಚಿಯ ಮೇಲೆ ಎಸೆದದ್ದಕ್ಕೆ ಎಂದು ನೆನಪು, ಜಗಳ ಹತ್ತಿಕೊಂಡಿತು. ಅವನ ಬಾಯಿಂದ ಜಾರಿಬಿಟ್ಟಿತು.

"ನಿನ್ನ ನಾಲಿಗೆ ಸಾಮಾನ್ಯದ್ದಲ್ಲಮ್ಮ. ಅವತ್ತು ಅವರಮ್ಮ ಫೋನ್ ಮಾಡಿ 'ನಾನು ಬಂದರೆ ನಿಮಗೆ ತೊಂದರೆ ಆಗುತ್ತಾ' ಅಂತ ಕೇಳಿದ್ರೆ ಹೌದು ಅಂದೆ. 'ಹಾಗಾದ್ರೆ ಟಿಕೆಟ್ ಕ್ಯಾನ್ಸಲ್ ಮಾಡಿಸ್ಲಾ' ಅಂದ್ರೆ ಹೌದು ಹೌದು ಅಂದೆ. ಇಷ್ಟಾದ್ರೂ ಅವಳು ಇವತ್ತಿನವರೆಗೆ ನಿನ್ನನ್ನ ಒಂದು ಮಾತು ಕೇಳಿದ್ದಾಳಾ?"

'ಅಯ್ಯೋ ಮಗನೇ, ನನಗೆ ಅವತ್ತು ಒಂದಕ್ಷರ ಅರ್ಥ ಆಗಿರಲಿಲ್ಲ ಕಣೋ' ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಂದೆನೇ? ಹಿಂದಿ ಬರುತ್ತದೆಂದು ವರ್ಷಗಟ್ಟಲೆ ಜಂಬ ಕೊಚ್ಚಿದವಳು. ಬೆಪ್ಪುತಕ್ಕಡಿ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಅನ್ನಿಸಿಕೊಳ್ಳುವುದೇ ವಾಸಿ ಎಂದು ಆ ಗಳಿಗೆಯಲ್ಲಿ ತೋರಿತು.

"ಅಂದೆ. ಏನೀಗ? ಈ ಅಂಗೈಯಗಲದ ಅಡುಗೆಮನೆಯಲ್ಲಿ ಮೂರು ಹೆಂಗಸರು ಎಲ್ಲಿ ನಿಲ್ಲೋದು?" ಎಂದುಬಿಟ್ಟೆ.

ಮಗ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಬೀಗಿತ್ತಿ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನಾನು ಅಡುಗೆಮನೆಗೆ ಓಡಿ ಸಿಂಕಿನ ಮುಂದೆ ನಿಲ್ಲುತ್ತಿದ್ದೆ. ಚೂಟಿ ಫೋನಿನಲ್ಲಿ "ನಾನಿ, ನಾನಿ" ಎಂದು ಆ ಅಜ್ಜಿಗೆ ಹಲ್ಲು ತೋರಿಸುವುದು, ಸೊಸೆ ಅಳು ನುಂಗಿ ನಗುವುದು, ಎಲ್ಲ ಕೇಳಿಸುತ್ತಿತ್ತು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಹೀಗೆ ಏಳು ವರ್ಷ ಕಳೆದ ಮೇಲೆ ಸೊಸೆ ಮತ್ತೆ ಬಸುರಾದಳು. ಈ ಸಲ ಮೊದಲಿನ ಹಾಗಲ್ಲ, ಮೂರನೇ ತಿಂಗಳಿಗೇ ಡಾಕ್ಟರು ಮುಖ ಗಂಟು ಹಾಕಿಕೊಂಡರು. ಹುಷಾರಾಗಿರಬೇಕು, ಭಾರ ಎತ್ತಬಾರದು, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಮಗ ನನ್ನನ್ನು ಬಾಲ್ಕನಿಗೆ ಕರೆದು ಬಾಗಿಲು ಮುಂದೆ ಮಾಡಿದ.

"ಅವಳಿಗೆ ಅಮ್ಮ ಬೇಕಮ್ಮ. ಅವರು ಏನಂದಿದ್ದಾರೆ ಗೊತ್ತಾ? ಬೀಗಿತ್ತಿ ಬಾಯಿಬಿಟ್ಟು ಬಾ ಅಂತ ಕರೆಯೋವರೆಗೂ ಆ ಮನೆ ಮೆಟ್ಟಿಲು ಹತ್ತಲ್ಲ ಅಂದಿದ್ದಾರೆ. ನಿನಗೆ ಹೇಗಿದ್ರೂ ಹಿಂದಿ ಬರುತ್ತೆ. ಒಂದು ಫೋನ್ ಮಾಡೋಕೆ ಏನು ರೋಗ?"

"ನೋಡೋಣ," ಎಂದೆ. ನೋಡುವುದೇನು, ನನ್ನ ತಲೆ! ಏನೆಂದು ಕರೆಯಲಿ, ಯಾವ ಬಾಯಿಂದ ಕರೆಯಲಿ? ಹಾಂ ಜೀ ಎಂದೇ?

ಚೂಟಿ ಆಗ ಶನಿವಾರದ ಹಿಂದಿ ಶಾಲೆಗೆ ಹೋಗುತ್ತಿದ್ದಳು. ನಮ್ಮಂತೆ ವಲಸೆ ಬಂದವರು ತಾವೇ ಸೇರಿ ನಡೆಸುವ ಶಾಲೆ. ಈಜುಕೊಳದ ಮೇಲಿನ ಮಹಡಿಯಲ್ಲಿ ಮೂರು ಕೋಣೆ, ಗೋಡೆಗೆ ಮಡಚಿ ನಿಲ್ಲಿಸಿದ ಟೇಬಲ್ ಟೆನಿಸ್ ಮೇಜುಗಳು, ಅವುಗಳ ಮೇಲೆ ಟೇಪಿನಲ್ಲಿ ಅಂಟಿಸಿದ ಅಕ್ಷರಗಳು. ಕ್ಲೋರಿನ್ ವಾಸನೆ, ಕಾಲಡಿಯಲ್ಲಿ ಬೆಚ್ಚಗಿನ ನೆಲ, ಕೆಳಗಿನಿಂದ ಸೀಟಿಯ ಸದ್ದು. ಎರಡು ಕೋಣೆ ಮಕ್ಕಳಿಗೆ, ಮೂರನೆಯದು ಮನೆಯವರಿಗೆ. ಹಿಂದಿ ಮನೆಗೆ ಸೇರಿದ ಅಳಿಯಂದಿರು, ಸೊಸೆಯರು, ಅತ್ತೆ ಮಾವಂದಿರು ಅಲ್ಲಿ ಕಲಿಯುತ್ತಿದ್ದರು. ನಾನು ಮೊಮ್ಮಗಳನ್ನು ಒಳಗೆ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕೂತು ಅಂಗಡಿಯ ಪ್ಯಾಂಟುಗಳಿಗೆ ಅಂಚು ಹೊಲಿಯುತ್ತಿದ್ದೆ.

ಒಂದು ಶನಿವಾರ ಮೂರನೇ ಕೋಣೆಯ ಮೇಷ್ಟ್ರು ನನ್ನೆದುರು ಬಂದು ನಿಂತರು. ವಾರವೆಲ್ಲ ಸಿಟಿ ಬಸ್ ಓಡಿಸುವವರು, ಮಧ್ಯಾಹ್ನದ ಪಾಳಿಗೆ ಹೋಗಬೇಕೆಂದು ಡ್ರೈವರ್ ಜಾಕೆಟ್ಟಿನಲ್ಲೇ ಪಾಠ ಮಾಡುವವರು. ಎಲ್ಲರೂ ಬಸ್ ಮೇಷ್ಟ್ರು ಎನ್ನುತ್ತಿದ್ದರು. ನಗುತ್ತ ಹಿಂದಿಯಲ್ಲಿ ಏನೋ ಕೇಳಿದರು. ನಾನೂ ನಗುತ್ತ "ಹಾಂ ಜೀ," ಎಂದೆ. ಮತ್ತೇನೋ ಕೇಳಿದರು. "ಹಾಂ ಹಾಂ," ಎಂದೆ. ಮನುಷ್ಯ ನನ್ನ ಹೊಲಿಗೆ ಚೀಲ ಎತ್ತಿಕೊಂಡು ಒಳಗೆ ನಡೆದೇಬಿಟ್ಟರು!

"ನನ್ನ ಚೀಲ ಯಾಕೆ ತಗೊಂಡು ಹೋಗ್ತಾರೆ ಇವರು?" ಎಂದು ಚೂಟಿಯನ್ನು ಕೂಗಿ ಕೇಳಿದೆ.

"ಕ್ಲಾಸಿಗೆ ಸೇರ್ತೀರಾ ಅಂದ್ರು, ನೀನು ಹೌದು ಅಂದೆ. ಇವತ್ತಿಂದಲೇನಾ ಅಂದ್ರು, ಹೌದು ಹೌದು ಅಂದೆ," ಎಂದಳು ಚೂಟಿ. "ಅಜ್ಜಿ, ನಿನಗೆ ಹಿಂದಿ ಬರಲ್ವಾ?"

ಏಳು ವರ್ಷ ಮಗ ಸೊಸೆಗೆ ಗೊತ್ತಾಗದ್ದು ಆ ಮೋಟುದ್ದದ ಹುಡುಗಿಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು. "ಬಾಯಿ ಮುಚ್ಚು, ಮನೆಯಲ್ಲಿ ಉಸಿರೆತ್ತಿದರೆ ಜೋಕೆ," ಎಂದು ಬೆದರಿಸಿ, ಅದು ಸಾಲದೆಂದು ಅವಳ ಗೊಂಬೆಗೆ ಜೇಬಿರುವ ಕೋಟು ಹೊಲಿದುಕೊಡುವುದಾಗಿ ಒಪ್ಪಿ ಒಳಗೆ ಹೋದೆ. ಹೋಗಬೇಕು ಎಂಬುದು ನನ್ನ ಮನಸ್ಸಿನಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ಯಾರಾದರೂ ಕುತ್ತಿಗೆ ಹಿಡಿದು ತಳ್ಳಲಿ ಎಂದು ಕಾಯುತ್ತಿದ್ದೆ ಅಷ್ಟೇ.

ಮೇಷ್ಟ್ರ ಮೇಜಿನ ಮೇಲೆ ಒಂದು ಬಿಸ್ಕತ್ ಡಬ್ಬಿ ಇತ್ತು. ಅದರ ಹೆಸರೇ ಹಾಂ ಡಬ್ಬಿ. ಆ ಕೋಣೆಯಲ್ಲಿ ಅರ್ಥವಾಗದೆ ಹಾಂ ಎಂದವರು ಅದರೊಳಗೆ ಏನಾದರೂ ಹಾಕಬೇಕು, ಕಲ್ಲೋ ಕ್ಲಿಪ್ಪೋ. ನಾನು ಸೇರಿದ ಮೇಲೆ ಅದು ಗುಂಡಿಯೇ ಎಂದಾಯಿತು, ನನ್ನ ಚೀಲದಲ್ಲಿ ಗುಂಡಿಗೇನು ಬರ. ಮೇಷ್ಟ್ರು ಮೊದಲ ದಿನವೇ ಇಲ್ಲಿನ ಭಾಷೆಯನ್ನೂ ಹಿಂದಿಯನ್ನೂ ಕಲಸಿ, ಚೂಟಿಯ ಬಾಯಿಂದ ನನಗೆ ಮುಟ್ಟಿಸಿದ್ದು ಇಷ್ಟು:

"ಬಸ್ ಹತ್ತುವವರು ಇದು ಆಸ್ಪತ್ರೆಗೆ ಹೋಗುತ್ತಾ ಅಂತ ಕೇಳ್ತಾರೆ. ನಾನು ಸರಿಯಾಗಿ ಕೇಳಿಸ್ಕೊಳ್ಳದೆ ಹೌದು ಅಂದ್ರೆ, ಜ್ವರ ಬಂದವರು ಮಾರ್ಕೆಟ್ಟಲ್ಲಿ ಇಳೀಬೇಕಾಗುತ್ತೆ. ಅದಕ್ಕೇ ಇಲ್ಲಿ ಎರಡೇ ದಾರಿ. ಕೇಳಿದ್ದನ್ನ ತಿರುಗಿ ಹೇಳಿ, ಆಮೇಲೆ ಹಾಂ ಅನ್ನಿ. ಇಲ್ಲಾಂದ್ರೆ ನನಗೆ ಅರ್ಥ ಆಗಲಿಲ್ಲ ಅನ್ನಿ."

ಮೊದಲನೆಯದು ಹೇಗೋ ಕಲಿತೆ. ಎರಡನೆಯದು ಬಾಯಿಂದ ಹೊರಡಲೊಲ್ಲದು. 'ಸಮಝ್ ಮೇ ನಹೀಂ ಆಯಾ.' ಅರ್ಥ ಆಗಲಿಲ್ಲ. ನಾಲ್ಕೇ ಮಾತು. ಬೇರೆಯವರೆಲ್ಲ ನೀರು ಕುಡಿದ ಹಾಗೆ ಹೇಳುತ್ತಿದ್ದರು. ನನ್ನ ಪಕ್ಕ ಕೂರುತ್ತಿದ್ದವನು ಈ ದೇಶದವನೇ ಆದ ಬೇಕರಿಯವನು, ಮಾವನ ಜೊತೆ ಮಾತಾಡಲೆಂದು ಹಿಂದಿ ಕಲಿಯುತ್ತಿದ್ದ. ತೋಳಿನ ಮೇಲಿನ ಹಿಟ್ಟು ಕೊಡವುತ್ತ ಅವನು ವಾರಕ್ಕೆ ಇಪ್ಪತ್ತು ಸಲ ಅರ್ಥ ಆಗಲಿಲ್ಲ ಎನ್ನುತ್ತಿದ್ದ, ನಾಚಿಕೆಯಿಲ್ಲದವನು. ನಾನು ಮಾತ್ರ ಸುಮ್ಮನೆ ಹಾಂ ಎಂದು ಗುಂಡಿ ಹಾಕುತ್ತಿದ್ದೆ. ಡಬ್ಬಿ ತುಂಬುತ್ತ ಬಂತು. ಅದರಲ್ಲಿ ಮುಕ್ಕಾಲು ಪಾಲು ನನ್ನದೇ, ಅಂಗಡಿಯ ಹಳೇ ಕೋಟುಗಳ ದೊಡ್ಡ ದೊಡ್ಡ ಗುಂಡಿಗಳು.

ಆದರೂ ಕಿವಿ ತೆರೆಯುತ್ತ ಬಂತು. ಬಸ್ಸಿನಲ್ಲಿ ಬರುವಾಗ ಚೂಟಿ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು, ಅವಳ ಮುಂದೆ ಮೇಷ್ಟ್ರೇ ವಾಸಿ. "ಅಜ್ಜಿ, ಸುಮ್ಮಸುಮ್ಮನೆ ಹಾಂ ಅಂದೆ. ತೆಗಿ ಗುಂಡಿ!" ಎಂದು ಕೈ ಚಾಚುತ್ತಿದ್ದಳು. ಮನೆಯಲ್ಲಿ ಸೊಸೆ ಫೋನಿನಲ್ಲಿ ತಾಯಿಯ ಜೊತೆ ಮಾತಾಡುವಾಗ ನಾನು ನಲ್ಲಿ ಸಣ್ಣಗೆ ಬಿಟ್ಟು ಕೇಳಿಸಿಕೊಳ್ಳತೊಡಗಿದೆ. ಕಾಲು ಊದಿದೆ. ರಾತ್ರಿ ನಿದ್ದೆ ಇಲ್ಲ. ಇಲ್ಲ ಅಮ್ಮ, ಅತ್ತೆ ಚೆನ್ನಾಗಿ ನೋಡ್ಕೋತಾರೆ. ಹೀಗೆ ಒಂದೊಂದೇ ಮಾತು ನೀರಿನ ಸದ್ದಿನ ನಡುವೆ ಅರ್ಥವಾಗುತ್ತಿತ್ತು. ಆ ಕೊನೆಯದು ಅರ್ಥವಾದ ದಿನ ತಟ್ಟೆ ಕೈಜಾರಿ ಬಿತ್ತು. ಇಷ್ಟು ವರ್ಷ ನಾನು ಅವಳ ತಾಯಿಯನ್ನು ಬೇಡವೆಂದವಳು ಎಂದು ತಿಳಿದುಕೊಂಡೂ, ಹುಡುಗಿ ಬೆನ್ನ ಹಿಂದೆ ನನ್ನನ್ನು ಹೊಗಳುತ್ತಿದ್ದಳು.

ಏಳನೇ ತಿಂಗಳು ತುಂಬಿದಾಗ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಇನ್ನು ಹಾಸಿಗೆ ಬಿಟ್ಟು ಏಳುವಂತಿಲ್ಲ. ಮಾರನೇ ಬೆಳಿಗ್ಗೆ ಅವಳಿಗೆ ಬಿಸಿ ಹಾಲು ತೆಗೆದುಕೊಂಡು ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದಳು, ಭುಜ ಅಲ್ಲಾಡುತ್ತಿತ್ತು. ತಿರುಗದೆಯೇ, ನನಗಲ್ಲ ಗೋಡೆಗೆ ಎನ್ನುವ ಹಾಗೆ, ಹಿಂದಿಯಲ್ಲಿ ಹೇಳಿದಳು, "ಮಮ್ಮೀಜಿ, ನನಗೆ ಭಯ ಆಗ್ತಿದೆ. ಅಮ್ಮ ಬೇಕು ಅನ್ನಿಸ್ತಿದೆ."

ಹಾಂ ಎಂಬುದು ತುಟಿಯವರೆಗೆ ಬಂತು. ನುಂಗಿದೆ. ಕ್ಲಾಸಿನಲ್ಲಿ ಮಾಡುವ ಹಾಗೆ, ಕೇಳಿದ್ದನ್ನು ತಡವರಿಸುತ್ತ ಹಿಂದಿಯಲ್ಲೇ ತಿರುಗಿ ಹೇಳಿದೆ.

"ನಿನಗೆ ಭಯ ಆಗ್ತಿದೆ. ನಿನಗೆ ಅಮ್ಮ ಬೇಕು."

ಅವಳು ಸರಕ್ಕನೆ ತಿರುಗಿದಳು. ಅತ್ತು ಕೆಂಪಾದ ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದಳು. ಆ ಮನೆಯಲ್ಲಿ ನಾನು ಹಾಂ ಬಿಟ್ಟು ಬೇರೆ ಹಿಂದಿ ಆಡಿದ್ದು ಅದೇ ಮೊದಲು. ಅವಳು ಇನ್ನೇನಾದರೂ ಕೇಳುವ ಮೊದಲೇ ಲೋಟವನ್ನು ಕೈಗಿಟ್ಟು ಹೊರಗೆ ಬಂದುಬಿಟ್ಟೆ.

ಅದರ ಮರುದಿನವೇ ಶನಿವಾರ, ವರ್ಷದ ಕೊನೆಯ ಕ್ಲಾಸು. ಬಸ್ ಮೇಷ್ಟ್ರ ಪರೀಕ್ಷೆಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ. ಫೋನೊಂದನ್ನು ಮೇಜಿನ ಮೇಲೆ ಡಬ್ಬಿಯ ಪಕ್ಕ ಇಟ್ಟು, ಸ್ಪೀಕರ್ ಹಾಕಿ, ಹಿಂದಿ ಬರುವ ಯಾರಿಗಾದರೂ ಫೋನ್ ಮಾಡಿ ಐದು ನಿಮಿಷ ಮಾತಾಡಬೇಕು. ಯಾರೂ ಸಿಗದವರು ಮೇಷ್ಟ್ರ ಹೆಂಡತಿಗೆ ಮಾಡಬಹುದು. ಆಕೆ ಪಾಪ, ಆ ದಿನ ಸ್ನಾನಕ್ಕೂ ಹೋಗದೆ ಫೋನಿನ ಪಕ್ಕ ಕೂತಿರುತ್ತಾರಂತೆ. ಮಕ್ಕಳ ಕ್ಲಾಸೂ ನೋಡಲು ಬಂದು ನೆಲದ ಮೇಲೆ ಕೂತಿತು. ಬೇಕರಿಯವನು ಮಾವನ ಮಂಡಿನೋವು ವಿಚಾರಿಸಿ, ಯಾವ ಎಣ್ಣೆ ತಿಕ್ಕಬೇಕೆಂದು ಕೇಳಿಸಿಕೊಂಡು, ಅದನ್ನೆಲ್ಲ ತಿರುಗಿ ಹೇಳಿ, ಬೆವರು ಒರೆಸಿಕೊಂಡು ಪಾಸಾದ.

ನನ್ನ ಸರದಿ ಬಂತು. ಮೇಷ್ಟ್ರ ಹೆಂಡತಿಯ ಜೊತೆ ಹವಾಮಾನದ ಬಗ್ಗೆ ಮಾತಾಡಲು ನಾನು ಉರು ಹೊಡೆದಿದ್ದೆ. ಎದ್ದು ನಿಂತೆ. ಪರ್ಸಿನಲ್ಲಿ ಬೀಗಿತ್ತಿಯ ಫೋನ್ ನಂಬರಿನ ಚೀಟಿ ಇತ್ತು, ಮಗ ಆ ದಿನ ಬಾಲ್ಕನಿಯಲ್ಲಿ ಬರೆದುಕೊಟ್ಟದ್ದು, ನಾಲ್ಕು ತಿಂಗಳಿಂದ ಮಡಿಕೆಯಲ್ಲೇ ಇದ್ದದ್ದು. ಇವತ್ತು ಬಿಟ್ಟರೆ ನಾನು ಇನ್ನೆಂದೂ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಜಂಬವನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಚೀಟಿ ತೆಗೆದು ಮೇಷ್ಟ್ರ ಕೈಗೆ ಕೊಟ್ಟೆ.

ಎರಡು ಸಲ ರಿಂಗಾಯಿತು.

"ಹಲೋ, ಯಾರು?"

"ನಾನು. ನಿಮ್ಮ ಬೀಗಿತ್ತಿ," ಎಂದೆ ಹಿಂದಿಯಲ್ಲಿ. ಅಲ್ಲಿಂದ ಮುಂದೆ ಇಬ್ಬರೂ ಆಡಿದ್ದೆಲ್ಲ ಹಿಂದಿಯೇ, ನಿಮಗಾಗಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ನನ್ನ ಹಿಂದಿ ಇಷ್ಟು ಸರಾಗವಾಗಿತ್ತು ಎಂದುಕೊಳ್ಳಬೇಡಿ.

ಆ ಕಡೆ ಉಸಿರು ಸಿಕ್ಕಿಕೊಂಡ ಸದ್ದು. "ನನ್ನ ಮಗಳಿಗೆ ಏನಾಯ್ತು?"

"ಏನೂ ಆಗಿಲ್ಲ. ಚೆನ್ನಾಗಿದ್ದಾಳೆ. ಮಲಗಿದ್ದಾಳೆ. ನಾನು ನಿಮ್ಮ ಹತ್ತಿರ ಮಾತಾಡಬೇಕು." ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. "ಏಳು ವರ್ಷದ ಹಿಂದೆ ನೀವು ಫೋನ್ ಮಾಡಿದಿರಿ. ನಾನು ಹಾಂ ಅಂದೆ. ನನಗೆ ಹಿಂದಿ ಬರ್ತಿರಲಿಲ್ಲ. ನೀವು ಏನು ಕೇಳಿದಿರಿ ಅಂತ ನನಗೆ ಗೊತ್ತಾಗಲೇ ಇಲ್ಲ. ಆಮೇಲೆ ಗೊತ್ತಾಯ್ತು. ನಾಚಿಕೆ ಆಯ್ತು. ಬೇಕಂತಲೇ ಹಾಗಂದೆ ಅಂತ ಮಗನಿಗೆ ಸುಳ್ಳು ಹೇಳಿದೆ."

ಕೆಳಗೆ ಈಜುಕೊಳದಲ್ಲಿ ಯಾರೋ ಸೀಟಿ ಊದಿದರು.

"ಹಾಂ," ಎಂದರು ಬೀಗಿತ್ತಿ. ಸ್ವಲ್ಪ ತಡೆದು, "ಹಾಂ ಹಾಂ."

"ಗುಂಡಿ!" ಎಂದು ಚೂಟಿ ನೆಲದಿಂದ ಕೂಗಿದಳು. ಮೇಷ್ಟ್ರು ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಆದರೆ ಮಗು ಹೇಳಿದ್ದು ಸರಿಯಾಗಿತ್ತು. ಆ ಹಾಂ ಎಂಥದ್ದೆಂದು ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ತಿಳಿದವರಿಲ್ಲ.

"ನಾನು ಏನು ಹೇಳಿದೆ, ಹೇಳಿ ನೋಡೋಣ," ಎಂದೆ.

"ಏನು?"

"ನಾನು ಹೇಳಿದ್ದನ್ನ ತಿರುಗಿ ಹೇಳಿ. ಇಲ್ಲಿ ಹಾಗೇ ರೂಢಿ."

ಆಮೇಲೆ ಅವರ ದನಿ ಬಂತು, ನಲ್ಲಿ ಕಿತ್ತ ದನಿಯಲ್ಲ, ತೊಟ್ಟು ತೊಟ್ಟಾಗಿ. "ನೀವು ಹೇಳಿದಿರಿ... ಅವತ್ತು ನಿಮಗೆ ಅರ್ಥ ಆಗಿರಲಿಲ್ಲ. ನೀವು ನನ್ನನ್ನ ಬೇಡ ಅಂದಿರಲಿಲ್ಲ."

"ಹಾಂ," ಎಂದೆ. ಆ ಡಬ್ಬಿಯ ಎದುರು ನಾನು ಮನಸಾರೆ ಆಡಿದ ಮೊದಲ ಹಾಂ ಅದು.

ಅದಾದ ಮೇಲೆ ಬೀಗಿತ್ತಿ ಬಿಕ್ಕುತ್ತ ಏನೇನೋ ಹೇಳತೊಡಗಿದರು, ನಲ್ಲಿ ಮತ್ತೆ ಕಿತ್ತುಕೊಂಡಿತು. ನನಗೆ ಒಂದು ಮಾತೂ ಹಿಡಿಯಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರು ಡಬ್ಬಿಯ ಮುಚ್ಚಳದ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

"ಸಮಝ್ ಮೇ ನಹೀಂ ಆಯಾ," ಎಂದೆ. "ಅರ್ಥ ಆಗಲಿಲ್ಲ. ನಿಧಾನ ಹೇಳಿ."

ಅಬ್ಬಾ! ಬಿಗಿ ರವಿಕೆಯ ಹುಕ್ಕು ಬಿಚ್ಚಿದ ಹಾಗಾಯಿತು. ಏನೂ ಆಗಲಿಲ್ಲ, ಮಾಡು ಕುಸಿಯಲಿಲ್ಲ, ಯಾರೂ ನಗಲಿಲ್ಲ. ಇಷ್ಟಕ್ಕೆ ಏಳು ವರ್ಷ ಹೆದರಿದ್ದೆನೇ?

ಬೀಗಿತ್ತಿ ಮೂಗು ಒರೆಸಿಕೊಂಡು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ನನಗೆ ವಿಮಾನ ಅಂದ್ರೆ ಜೀವಭಯ. ಟಿಕೆಟ್ ತೆಗೆಸಿದ ದಿನದಿಂದ ಊಟ ಸೇರ್ತಿರಲಿಲ್ಲ. ಮಗಳ ಹತ್ತಿರ ಬರಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ನೀವಾದ್ರೂ ಬೇಡ ಅನ್ನಲಿ ಅಂತಲೇ ಆ ಪ್ರಶ್ನೆ ಕೇಳಿದ್ದು. ಮೂರು ಸಲ ಕೇಳಿದೆ. ನೀವು ಹಾಂ ಅಂದಿರಿ. ನನಗೆ ಹಗುರ ಆಯ್ತು. ಮಗಳಿಗೆ, ನಿಮ್ಮತ್ತೆ ಬೇಡ ಅಂದರು ಅಂದೆ. ಏಳು ವರ್ಷ ನಿಮ್ಮ ಹೆಸರು ಹೇಳಿಕೊಂಡು ಇಲ್ಲೇ ಕೂತೆ."

ಈ ಸಲ ಪ್ರತಿಯೊಂದು ಮಾತೂ ಅರ್ಥವಾಯಿತು. ಅರ್ಥವಾದದ್ದೇ ಸಿಟ್ಟು ನೆತ್ತಿಗೇರಿತು. ಅಲ್ಲ, ಐದು ವರ್ಷ ನಾನು ತೊಳೆದ ಪಾತ್ರೆ ತೊಳೆದದ್ದು ಇದಕ್ಕೇನು? ನನ್ನನ್ನು ಅಷ್ಟೂ ಕಾಲ ರಾಕ್ಷಸಿ ಮಾಡಿ ಈ ಹೆಂಗಸು ನೆಮ್ಮದಿಯಾಗಿ ಮನೆಯಲ್ಲಿ ಕೂತಿದ್ದಳಲ್ಲ! ಬೈಯಬೇಕೆಂದು ಬಾಯಿ ತೆರೆದೆ. ಹಿಂದಿಯಲ್ಲಿ ಬೈಗುಳವೇ ಬರಲಿಲ್ಲ, ಮೇಷ್ಟ್ರು ಕಲಿಸಿರಲಿಲ್ಲ. ಅದಕ್ಕೆ ನಗು ಬಂತು. ನಾನು ನಕ್ಕದ್ದು ಕೇಳಿ ಆ ಕಡೆ ಅವರೂ ಅಳುವುದರ ಜೊತೆಗೇ ನಗತೊಡಗಿದರು. ಬೇಕರಿಯವನಂತೂ ಏನೂ ಅರ್ಥವಾಗದಿದ್ದರೂ ಕಣ್ಣು ಒರೆಸಿಕೊಳ್ಳುತ್ತಿದ್ದ.

"ವಿಮಾನದಲ್ಲಿ ಕಣ್ಣು ಮುಚ್ಚಿಕೊಂಡು ಕೂತು ಬನ್ನಿ," ಎಂದೆ. "ನಾನು ಕರೀತಿದ್ದೀನಿ. ನಿಮ್ಮ ಮಗಳಿಗೆ ಭಯ ಆಗ್ತಿದೆ. ಬರ್ತೀರಾ ಅಂತ ಕೇಳಲ್ಲ, ಕೇಳಿದ್ರೆ ಹಾಂ ಅಂದುಬಿಡ್ತೀರಿ. ಯಾವ ದಿನ ಬರ್ತೀರಿ, ಹೇಳಿ."

ಅವರು ದಿನ ಹೇಳಿದರು. ನಾನು ಅದನ್ನು ಗಟ್ಟಿಯಾಗಿ ತಿರುಗಿ ಹೇಳಿದೆ. ಮೇಷ್ಟ್ರು ಜಾಕೆಟ್ಟಿನ ತೋಳಿನಿಂದ ಮುಖ ಒರೆಸಿಕೊಂಡು, ಡಬ್ಬಿಯನ್ನೇ ಎತ್ತಿ ನನ್ನ ಕೈಗೆ ಕೊಟ್ಟುಬಿಟ್ಟರು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಾಗಿಲು ತೆಗೆದ ಮಗನ ಮುಖ ನೋಡಬೇಕಿತ್ತು.

"ಅಮ್ಮಾ! ನಿನಗೆ ಹಿಂದಿ ಬರಲ್ವಾ? ಟೀವಿಯಲ್ಲಿ ಹಿಂದಿ ವಾರ್ತೆ ನೋಡಿ ಛೆ ಛೆ ಅಂತಿದ್ಯಲ್ಲ!"

"ವಾರ್ತೆಯಲ್ಲಿ ಇನ್ನೇನು ಇರುತ್ತೆ, ಛೆ ಅನ್ನೋದೇ ಇರುತ್ತೆ," ಎಂದೆ. "ನಾನು ಬರುತ್ತೆ ಅಂದೆ ಸರಿ, ನಂಬಿದ ನಿನಗೆ ಬುದ್ಧಿ ಎಲ್ಲಿ ಹೋಗಿತ್ತು?"

ಒಳಗಿನ ಕೋಣೆಯಿಂದ ನಗು ಕೇಳಿಸಿತು. ಸೊಸೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು. ಹೆದರಿ ಓಡಿದೆ, "ನಿಧಾನ ಕಣೇ, ಡಾಕ್ಟರು ಬೈತಾರೆ," ಎಂದು ಕನ್ನಡದಲ್ಲೇ ಗದರಿದೆ. ಅವಳು ನನ್ನ ಕೈ ಹಿಡಿದು ಪಕ್ಕ ಕೂರಿಸಿಕೊಂಡಳು. ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹಿಂದಿಯಲ್ಲಿ ಹೇಳಿದಳು, "ನಿಮಗೆ ನಮ್ಮ ಮನೆಯವರನ್ನ ಕಂಡರೆ ಆಗಲ್ಲ ಅಂದುಕೊಂಡಿದ್ದೆ. ಆದರೂ ನನ್ನನ್ನ ಇಷ್ಟು ಚೆನ್ನಾಗಿ ಯಾಕೆ ನೋಡ್ಕೋತಾರೆ ಅಂತ ಗೊತ್ತಾಗ್ತಿರಲಿಲ್ಲ. ಏಳು ವರ್ಷ ಲೆಕ್ಕ ತಾಳೆ ಆಗಲಿಲ್ಲ, ಮಮ್ಮೀಜಿ."

ಅವಳ ತಲೆ ಸವರಿದೆ, ಅಷ್ಟೇ. ಎಲ್ಲದಕ್ಕೂ ಉತ್ತರ ಕೊಡುವ ಚಾಳಿಯನ್ನು ಅವತ್ತೊಂದು ದಿನ ಬಿಟ್ಟೆ. ಅಂದಿನಿಂದ ಅವಳಿಗೆ ಹಸಿವು ಸರಿಹೋಯಿತು, ನಿದ್ದೆ ಬಂತು. ಮುಂದಿನ ಸಲ ನೋಡಿದಾಗ ಡಾಕ್ಟರೂ ಮುಖದ ಗಂಟು ಬಿಚ್ಚಿದರು.

ಬೀಗಿತ್ತಿ ಬಂದ ದಿನ ವಿಮಾನ ನಿಲ್ದಾಣಕ್ಕೆ ನಾನು, ಮಗ, ಚೂಟಿ ಹೋದೆವು. ಗಾಜಿನ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಒಂದು ಕುಳ್ಳಗಿನ ಆಕಾರ ಗಾಡಿ ತಳ್ಳಿಕೊಂಡು ಬಂತು. ಸ್ವೆಟರಿನ ಗುಂಡಿಗಳನ್ನೆಲ್ಲ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ಹೆದರಿದ್ದು ನೋಡಿದರೇ ತಿಳಿಯುತ್ತಿತ್ತು. ಫೋನಿನ ಪರದೆಯಲ್ಲಿ ಬಿಟ್ಟರೆ ಎಂದೂ ನೋಡದ ಮೊಮ್ಮಗಳನ್ನು ಅಪ್ಪಿಕೊಂಡು ಅವಳ ನೆತ್ತಿ ಮೂಸಿದರು, ಅಳಿಯನ ಕೆನ್ನೆ ತಟ್ಟಿದರು. ಆಮೇಲೆ ನನ್ನ ಮುಂದೆ ಬಂದು ನಿಂತರು. ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ನಾನು ಸುಮ್ಮನೆ ಅವರ ಸ್ವೆಟರಿನ ಗುಂಡಿಗಳನ್ನು ಬಿಚ್ಚಿ, ಸರಿಯಾದ ಮನೆಗೆ ಹಾಕತೊಡಗಿದೆ. ಅದು ನನಗೆ ಗೊತ್ತಿದ್ದ ಕೆಲಸ.

ಕೊನೆಯ ಗುಂಡಿ ಹಾಕುವಾಗ ಅವರು ತಮ್ಮ ಮಾಮೂಲು ಓಟದಲ್ಲೇ, ಒಂದೇ ಉಸಿರಿಗೆ ಕೇಳಿದರು, "ನಾನು ಬಂದದ್ದರಿಂದ ನಿಮಗೆ ತೊಂದರೆ ಆಯ್ತಾ?"

ಅದೇ ಪ್ರಶ್ನೆ. ಹಾಲು ಕಾಯುತ್ತಿದ್ದಾಗ ಕೇಳಿದ್ದ ಪ್ರಶ್ನೆ. ಯಾರೂ ನಿಧಾನ ಮಾಡಿ ಹೇಳಲಿಲ್ಲ, ಚೂಟಿ ತರ್ಜುಮೆ ಮಾಡಲಿಲ್ಲ. ಒಂದೂ ಮಾತು ಬಿಡದೆ ನನಗೆ ಕೇಳಿಸಿತು.

"ನಹೀಂ," ಎಂದೆ.

ಇಲ್ಲ. ಹಿಂದಿಯವರ ಯಾವ ಪ್ರಶ್ನೆಗೂ ನಾನು ಅದುವರೆಗೆ ಕೊಡದೇ ಇದ್ದ ಉತ್ತರ. ಬೀಗಿತ್ತಿಯ ತುಟಿ ಅದುರಿತು. ಇನ್ನು ನಿಂತರೆ ಇಬ್ಬರೂ ಅಲ್ಲೇ ಗೋಳೋ ಎನ್ನುತ್ತೇವೆಂದು ನಾನು ಅವರ ಗಾಡಿಯನ್ನು ಕಿತ್ತುಕೊಂಡೆ.

"ನಡೀರಿ, ನಡೀರಿ," ಎಂದೆ. "ನಮ್ಮ ಮಗಳು ಕಾಯ್ತಿದ್ದಾಳೆ."